ಮಿನಿಬಸ್ಸಿನ ಮೂರು ಷರತ್ತುಗಳು

ಆ ಷರತ್ತುಗಳನ್ನು ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಬಹಳ ವರ್ಷ ಈ ಸಂಗತಿಯನ್ನು ಯಾರೋ ಬರೆದ ಷರತ್ತುಗಳು, ಯಾರೋ ಮಾಡಿದ ಎಡವಟ್ಟು ಎಂಬಂತೆ ಹೇಳಿಕೊಂಡು ಬಂದಿದ್ದೆ. ಬೇಕೆಂದು ಸುಳ್ಳು ಹೇಳಿದ್ದಲ್ಲ, ನನಗೆ ಹಾಗೆಯೇ ನೆನಪಿತ್ತು. ವಿನಾಯಿತಿಯ ಸಾಲನ್ನಂತೂ ನಾನು ಎದ್ದುನಿಂತು ವಿರೋಧಿಸಿದ್ದೆ ಎಂದು, ಆಗ ಉಟ್ಟಿದ್ದ ಸೀರೆಯ ಬಣ್ಣದ ಸಮೇತ, ನೆನಪಿತ್ತು. ಹಳೆಯ ಡೈರಿಗಳ ಕಟ್ಟಿನಲ್ಲಿ ಕರಡು ಪ್ರತಿ ಸಿಕ್ಕಿದ ಮೇಲೆ ಸೀರೆ ಮಾತ್ರ ಉಳಿಯಿತು. ವಿನಾಯಿತಿಯ ಸಾಲು ಇರುವುದು ನನ್ನ ಕೈಬರಹದಲ್ಲಿ. ಅದನ್ನು ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಇನ್ನಷ್ಟು ಚೆನ್ನಾಗಿ ಬರೆದಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು, ನನ್ನ ಗಂಡ ಗಲ್ಫಿನ ಮನಾಮ ನಗರದಲ್ಲಿ, ಸೆಗಯಾ ಬಡಾವಣೆಯ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ಅಲ್ಲೇ ಸರಕು ಬಿಡಿಸುವ ಒಂದು ಕ್ಲಿಯರಿಂಗ್ ಏಜೆನ್ಸಿಯಲ್ಲಿ ನಾನು ಸೆಕ್ರೆಟರಿ. ಶುಕ್ರವಾರಗಳಲ್ಲಿ ನಮ್ಮ ಕರಾವಳಿಯವರ ಸಂಘದ ಜೊತೆ ಕಾರ್ಯದರ್ಶಿ. ಆ ಸ್ಥಾನಕ್ಕೆ ನನ್ನನ್ನು ಆರಿಸಿದ್ದು ರಾಜ್ಯಶಾಸ್ತ್ರದಲ್ಲಿ ಎಂಎ ಮಾಡಿದ್ದಾಳೆ ಎಂಬ ಒಂದೇ ಕಾರಣಕ್ಕೆ. ಗಲ್ಫಿನಲ್ಲಿ ಆ ಪದವಿಯಿಂದ ನನಗೆ ಸಿಕ್ಕಿದ ಒಂದೇ ಕೆಲಸವೂ ಅದೇ, ಸಂಬಳವಿಲ್ಲದ್ದು.

ಸಂಘಕ್ಕೆ ಮನಾಮದಲ್ಲಿ ಕೇಂದ್ರ ಸಮಿತಿ ಇತ್ತು. ಸೆಗಯಾ, ಮುಹರ್ರಕ್ ಮೊದಲಾದ ಕಡೆ ವಲಯ ಸಮಿತಿಗಳಿದ್ದವು. ಶುಕ್ರವಾರದ ರಜೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವುದು, ನಾಟಕ ಆಡಿಸುವುದು, ಒಟ್ಟಿನಲ್ಲಿ ಅವರನ್ನು ದಾರಿಯಲ್ಲಿ ಇಡುವುದು ವಲಯಗಳ ಕೆಲಸ. ಕೇಂದ್ರ ಸಮಿತಿಯ ಕೆಲಸ ಏನೆಂದು ಯಾರಿಗೂ ಸ್ಪಷ್ಟವಿರಲಿಲ್ಲ. ಆದರೆ ನಮ್ಮ ಹತ್ತಿರ ಒಂದು ಮಿನಿಬಸ್ ಇತ್ತು. ಸದಸ್ಯರೊಬ್ಬರ ಕಂಪನಿಯದು. ವಾರವೆಲ್ಲ ಕೂಲಿಯಾಳುಗಳನ್ನು ಸಾಗಿಸಿ ಶುಕ್ರವಾರ ಖಾಲಿ ನಿಲ್ಲುತ್ತಿತ್ತು. ಬೆಳಿಗ್ಗೆ ಮುಹರ್ರಕ್ಕಿಗೆ, ಸಂಜೆ ಬೇರೆ ವಲಯಕ್ಕೆ ಅದನ್ನು ಕಳಿಸುವವರು ನಾವು. ಬಸ್ಸು ಇಲ್ಲದಿದ್ದರೆ ಮಕ್ಕಳಿಲ್ಲ, ಮಕ್ಕಳಿಲ್ಲದಿದ್ದರೆ ವಲಯವಿಲ್ಲ. ದಿಲ್ಲಿ ಸರಕಾರ ರಾಜ್ಯಗಳಿಗೆ ಅನುದಾನ ಕೊಡುವಾಗ ಹೇಗೆ ಷರತ್ತುಗಳ ಬಾಲ ಕಟ್ಟುತ್ತದೆ ಎಂಬ ಬಗ್ಗೆಯೇ ನಾನು ಎಂಎಯಲ್ಲಿ ಪ್ರಬಂಧ ಬರೆದಿದ್ದೆ. ರಾಜ್ಯಗಳ ಪರವಾಗಿ, ಬಹಳ ಸಿಟ್ಟಿನಿಂದ. ಮಿನಿಬಸ್ ಕೈಗೆ ಬಂದ ಮೇಲೆ ದಿಲ್ಲಿಯವರ ಕಷ್ಟ ನನಗೆ ಅರ್ಥವಾಗತೊಡಗಿತು.

ಷರತ್ತು ಬೇಕೆನಿಸಿದ್ದು ಒಂದು ಘಟನೆಯಿಂದ. ಒಂದು ವಲಯದ ವಾರ್ಷಿಕ ಸಭೆಯಲ್ಲಿ ಹದಿನಾಲ್ಕರ ಒಬ್ಬ ಹುಡುಗನನ್ನು, ಸಭಾಂಗಣದ ಹಿಂದೆ ಸಿಗರೇಟು ಸೇದಿದ್ದಕ್ಕೆ, ಖಜಾಂಚಿಯ ವರದಿಗೂ ವಂದನಾರ್ಪಣೆಗೂ ನಡುವೆ ವೇದಿಕೆಗೆ ಕರೆದು ಕ್ಷಮೆ ಕೇಳಿಸಿದರು. ಬೈದ ಹಿರಿಯರು ಸಭೆ ಮುಗಿದ ಕೂಡಲೇ ಅದೇ ಸಭಾಂಗಣದ ಹಿಂದೆ ಹೋಗಿ ಸಿಗರೇಟು ಹಚ್ಚಿದರು. ಹುಡುಗನನ್ನು ಮರುತಿಂಗಳು ಊರಿಗೆ ಕಳಿಸಿದರು.

ಊರಿಗೆ ಕಳಿಸುವುದು ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಶಿಕ್ಷೆ. ಬೇರೆಡೆ ಮಕ್ಕಳಿಗೆ ಪೊಲೀಸರ ಹೆದರಿಕೆ ಹಾಕಿದರೆ ನಾವು ಊರಿನ ಹೆದರಿಕೆ ಹಾಕುತ್ತಿದ್ದೆವು. ಅಂಕ ಕಡಿಮೆ ಬಂದರೆ ಊರು, ಎದುರು ಮಾತಾಡಿದರೆ ಊರು. ಅದೇ ಬಾಯಲ್ಲಿ ವೇದಿಕೆ ಹತ್ತಿ ಊರನ್ನು ಸ್ವರ್ಗವೆಂದು ಹಾಡುತ್ತಿದ್ದೆವು. ಕೆಳಗೆ ಕುಳಿತ ಮಕ್ಕಳು ಚಪ್ಪಾಳೆ ತಟ್ಟುವಾಗ ಏನು ಯೋಚಿಸುತ್ತಿದ್ದರೋ.

ಆ ಹುಡುಗನ ತಾಯಿ ಯಾರೊಂದಿಗೂ ಮಾತಾಡುವುದನ್ನು ಬಿಟ್ಟಳು. ನಮ್ಮ ಅಧ್ಯಕ್ಷರಿಗೆ ಇದು ಕಸಿವಿಸಿಯಾಯಿತು. "ಮೇಡಂ, ಇನ್ನು ಹೀಗೆ ಆಗ್ಬಾರ್ದು. ನೀವು ಓದಿದವ್ರು, ಎಂತಾದ್ರೂ ಬರೀರಿ" ಎಂದರು.

ನಾನು ಬರೆದೆ. ಆ ದಿನಗಳಲ್ಲಿ ಮನಾಮದ ಗಲ್ಲಿಯೊಂದರಲ್ಲಿ ಅಮೆರಿಕದ ಹಳೆಯ ಪತ್ರಿಕೆಗಳು ರಾಶಿಗಟ್ಟಲೆ ಮಾರಾಟಕ್ಕೆ ಬರುತ್ತಿದ್ದವು. ಅಂಥ ಒಂದರಲ್ಲಿ ತಪ್ಪು ಮಾಡಿದ ಮಕ್ಕಳ ಬಗ್ಗೆ ಅಲ್ಲಿನ ಕೇಂದ್ರ ಸರಕಾರ ರಾಜ್ಯಗಳಿಗೆ ಕೊಡುವ ಅನುದಾನದ ವಿಷಯ ಓದಿದ್ದೆ. ಮನೆ ಬಿಟ್ಟು ಓಡಿದ್ದು, ಶಾಲೆ ತಪ್ಪಿಸಿದ್ದು ಮೊದಲಾಗಿ ದೊಡ್ಡವರು ಮಾಡಿದರೆ ಅಪರಾಧವಾಗದ ಸಂಗತಿಗಳಿಗೆ ಮಕ್ಕಳನ್ನು ಕೂಡಿಹಾಕಬಾರದು, ದೊಡ್ಡ ಕೈದಿಗಳ ಕಣ್ಣಿಗೆ, ಕಿವಿಗೆ ಬೀಳುವಂತೆ ಅವರನ್ನು ಇಡಬಾರದು, ಒಂದೊಂದು ಷರತ್ತು ಮುರಿದರೂ ಅನುದಾನದಲ್ಲಿ ನಾಲ್ಕನೆಯ ಒಂದು ಪಾಲು ಕಡಿತ. ನೆನಪಿನಿಂದ ಬರೆಯುತ್ತಿದ್ದೇನೆ, ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಓದಿದಾಗ ಮಾತ್ರ ಬಹಳ ಅಚ್ಚುಕಟ್ಟಾಗಿ ಕಂಡಿತು. ತಿಂಗಳಿಗೆ ಶುಕ್ರವಾರಗಳು ನಾಲ್ಕೇ ಅಲ್ಲವೇ ಎಂದು ಹೊಳೆದಾಗ ಆದ ಸಂತೋಷ ಡೈರಿಯಲ್ಲಿ ದಾಖಲಾಗಿದೆ.

ನನ್ನ ಷರತ್ತುಗಳು ಹೀಗಿದ್ದವು. ದೊಡ್ಡವರು ಮಾಡಿದರೆ ತಪ್ಪಲ್ಲದ್ದನ್ನು ಮಕ್ಕಳು ಮಾಡಿದರೂ ತಪ್ಪೆಂದು ಶಿಕ್ಷಿಸಬಾರದು. ಮಗುವನ್ನು ಹಿರಿಯರ ಸಭೆಯ ಎದುರು ನಿಲ್ಲಿಸಿ ವಿಚಾರಿಸಬಾರದು. ಮಗುವನ್ನು ಊರಿಗೆ ಕಳಿಸಿ ಎಂದು ಯಾವ ವಲಯವೂ ತಂದೆತಾಯಿಗೆ ಸಲಹೆ ಕೊಡಬಾರದು. ಒಂದು ಷರತ್ತು ಮುರಿದರೆ ಒಂದು ಶುಕ್ರವಾರ ಬಸ್ಸಿಲ್ಲ. ಮೂರೂ ಮುರಿದರೂ ಒಂದು ಶುಕ್ರವಾರ ಉಳಿಯುತ್ತದೆ. ಅದನ್ನು ನಾನು ಕರುಣೆ ಎಂದು ತಿಳಿದಿದ್ದೆ.

ಸಭೆಯಲ್ಲಿ ಮೊದಲು ಎದ್ದವರು ಮುಹರ್ರಕ್ ವಲಯದ ಸಂಚಾಲಕರು. ಉಡುಪಿ ಕಡೆಯವರು, ವಾಹನಗಳ ಬಿಡಿಭಾಗದ ಅಂಗಡಿಯ ಮ್ಯಾನೇಜರ್. ಅವರನ್ನು ಖಳನಾಯಕ ಮಾಡುವುದು ಸುಲಭ, ಆದರೆ ಅದು ಅನ್ಯಾಯ. ಯಾರ ಮನೆಯ ಮಗುವಿಗೆ ಜ್ವರ ಬಂದರೂ ಆಸ್ಪತ್ರೆಗೆ ಓಡುತ್ತಿದ್ದ ಕಾರು ಅವರದು.

"ಮೇಡಂ, ಎಲ್ಲ ಮನಾಮದಿಂದ್ಲೇ ಹೇಳುದಾದ್ರೆ ನಾವು ಮುಹರ್ರಕ್ಕಲ್ಲಿ ಎಂತಕ್ಕೆ ಕೂತದ್ದು? ಚಾ ಕುಡೀಲಿಕ್ಕಾ?" ಎಂದರು. "ನಮ್ಮ ಮಕ್ಕಳು ಬೇರೆ, ನಿಮ್ಮ ಸೆಗಯಾದ ಮಕ್ಕಳು ಬೇರೆ. ಸ್ವಲ್ಪ ನಮ್ಮ ಕೈಯಲ್ಲೂ ಇರ್ಲಿ ಮಾರಾಯ್ರೆ."

ನನ್ನ ಹಳೆಯ ಪ್ರಬಂಧವನ್ನೇ ಅವರು ನನಗೆ ಓದಿ ಹೇಳುತ್ತಿರುವಂತಿತ್ತು. ಅಮೆರಿಕದಲ್ಲೂ ರಾಜ್ಯಗಳು ಹೀಗೆಯೇ ಗೊಣಗಿ ಒಂದು ವಿನಾಯಿತಿ ಪಡೆದಿದ್ದವು. ನ್ಯಾಯಾಧೀಶರು ಬರವಣಿಗೆಯಲ್ಲಿ ಕೊಟ್ಟ ಆಜ್ಞೆಯನ್ನು ಮಗು ಮೀರಿದರೆ ಅದು ಬೇರೆಯೇ ತಪ್ಪು, ಆಗ ಕೂಡಿಹಾಕಬಹುದು. ಇದನ್ನು ನಾನು ಹೇಳಿದೆನೋ, ಅವರೇ ಅಂಥದ್ದನ್ನು ಕೇಳಿದರೋ ಗೊತ್ತಿಲ್ಲ. ಕರಡಿನಲ್ಲಿ ಇರುವುದು ಇಷ್ಟು: ವಲಯವು ಬರವಣಿಗೆಯಲ್ಲಿ ಕೊಟ್ಟ ಸೂಚನೆಯನ್ನು ಮಗು ಮೀರಿದಲ್ಲಿ ಒಂದು ಮತ್ತು ಮೂರನೆಯ ಷರತ್ತುಗಳು ಅನ್ವಯಿಸವು. ಸಭೆ ಚಪ್ಪಾಳೆ ತಟ್ಟಿತು. ಕೇಂದ್ರದ ಮಾನ ಉಳಿಯಿತು, ವಲಯದ ಮಾನವೂ ಉಳಿಯಿತು. ಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಮುಹರ್ರಕ್ಕಿನಿಂದ ಬಂದ ವರದಿಗಳು ಮಾದರಿಯಾಗಿದ್ದವು. ಷರತ್ತು ಉಲ್ಲಂಘನೆ: ಇಲ್ಲ. ವಿಚಾರಣೆ: ನಿಯಮದಂತೆ. ನಾಲ್ಕಕ್ಕೆ ನಾಲ್ಕು ಶುಕ್ರವಾರವೂ ಬಸ್ಸು ಹೋಯಿತು. ವಲಯಕ್ಕೆ ಒಂದು ಪ್ರಶಂಸಾಪತ್ರ ಕೊಡೋಣ ಎಂದು ಸೂಚಿಸಿದವಳು ನಾನು. ಇದು ನೆನಪಿರಲಿಲ್ಲ. ನಡಾವಳಿ ಪುಸ್ತಕದಲ್ಲಿ ಓದಿ ತಿಳಿದುಕೊಂಡೆ.

ನವೆಂಬರಿನ ಒಂದು ಗುರುವಾರ ಮಧ್ಯಾಹ್ನ ಮುಹರ್ರಕ್ ವಲಯದ ಬುಸೈತೀನಿನಿಂದ ಒಬ್ಬ ಹೆಂಗಸು ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು. ಸಂಘದ ಊಟದಲ್ಲಿ ಬಡಿಸುವಾಗ ಒಂದೆರಡು ಸಲ ಮಾತಾಡಿದ್ದೆವು. ಗಂಡ ಕಟ್ಟಡ ಕಂಪನಿಯೊಂದರಲ್ಲಿ ಮೇಲ್ವಿಚಾರಕ, ಒಬ್ಬಳೇ ಮಗಳು, ಹತ್ತನೆಯ ತರಗತಿ. ಕೂರಲು ಹೇಳಿದರೂ ಕೂರದೆ ಕೈಚೀಲದಿಂದ ಎರಡು ಕಾಗದ ತೆಗೆದಳು.

"ಅಕ್ಕಾ, ಇದು ನೀವು ಬರ್ದದ್ದಂತೆ. ಹೌದಾ?"

ಒಂದು, ಅಚ್ಚು ಹಾಕಿಸಿದ ನಮೂನೆ. ಕೆಳಗೆ ವಲಯದ ರಬ್ಬರ್ ಸ್ಟ್ಯಾಂಪು, ಹುಡುಗಿಯ ಸಹಿ. ತರಗತಿಯ ಹೊತ್ತಿನಲ್ಲಿ ಹೊರಗೆ ಹೋಗಬಾರದು, ಅಂಗಡಿಯ ಹತ್ತಿರ ನಿಲ್ಲಬಾರದು, ಅಪರಿಚಿತರೊಂದಿಗೆ ಮಾತಾಡಬಾರದು, ಹೀಗೆ ಹನ್ನೊಂದು ಸೂಚನೆಗಳು. ಷರತ್ತುಗಳು ಜಾರಿಗೆ ಬಂದ ಮೊದಲ ಶುಕ್ರವಾರವೇ ಬಸ್ಸಿನಿಂದ ಇಳಿಯುತ್ತಿದ್ದಂತೆ ಎಲ್ಲ ಮಕ್ಕಳಿಂದಲೂ ಇದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಬರವಣಿಗೆಯ ಸೂಚನೆ ಎಲ್ಲರಿಗೂ ಮುಂಗಡವಾಗಿ ಕೊಟ್ಟಾಗಿತ್ತು. ಇನ್ನು ಯಾವ ಮಗು ಏನೇ ಮಾಡಿದರೂ ಅದು ಸೂಚನೆ ಮೀರಿದ್ದೇ, ನನ್ನ ಮೊದಲನೆಯ ಮತ್ತು ಮೂರನೆಯ ಷರತ್ತುಗಳು ಬರಿಯ ಕಾಗದ. ಹತ್ತಾರು ವರ್ಷ ಗಲ್ಫಿನ ಕಚೇರಿಗಳಲ್ಲಿ ಓದದೇ ಸಹಿ ಹಾಕಿ ಬದುಕಿದ ನಮ್ಮಂಥವರಿಗಲ್ಲದೆ ಬೇರೆ ಯಾರಿಗೂ ಇಷ್ಟು ಸರಳವಾಗಿ ಇದು ಹೊಳೆಯುತ್ತಿರಲಿಲ್ಲ.

ಎರಡನೆಯದು ತಂದೆಗೆ ವಲಯ ಬರೆದ ಪತ್ರ. ಹುಡುಗಿ ಮೂರು ಶುಕ್ರವಾರ ಸೂಚನೆ ಮೀರಿದ್ದಾಳೆ. ಅವಳ ಮುಂದಿನ ಓದನ್ನು ಊರಿನಲ್ಲಿ ನಡೆಸುವ ಬಗ್ಗೆ ಯೋಚಿಸುವುದು ಒಳಿತು.

"ಎಂತ ಮಾಡಿದ್ದು ಅವಳು?" ಎಂದು ಕೇಳಿದೆ.

"ಖುಬ್ಬೂಸ್ ತಿಂದದ್ದು."

ಮುಹರ್ರಕ್ಕಿನ ಸಭಾಂಗಣದ ಹಿಂದಿನ ಗಲ್ಲಿಯಲ್ಲಿ ಖುಬ್ಬೂಸ್ ಸುಡುವ ಅಂಗಡಿಯಿತ್ತು. ಶುಕ್ರವಾರ ಬೆಳಿಗ್ಗೆ ಆ ಕೇರಿಯ ಹುಡುಗಿಯರು ಮನೆಗೆ ರೊಟ್ಟಿ ಒಯ್ಯಲು ಸಾಲು ನಿಲ್ಲುತ್ತಿದ್ದರು. ಇವಳು ಕನ್ನಡ ತರಗತಿಯಿಂದ ಜಾರಿ ಅವರೊಂದಿಗೆ ನಿಂತು, ಬಿಸಿ ರೊಟ್ಟಿ ಹರಿದು ತಿನ್ನುತ್ತ, ಅರಬ್ಬಿಯಲ್ಲಿ ಹರಟುತ್ತಿದ್ದಳು. ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚು ಅರಬ್ಬಿ ಆ ಒಲೆಯ ಮುಂದೆ ಕಲಿತಿದ್ದಳಂತೆ. ಭಾಷೆ ಉಳಿಸಲೆಂದು ನಡೆಸುವ ತರಗತಿಯ ಗೋಡೆಗೆ ತಾಗಿಯೇ ಒಂದು ಭಾಷೆ ತಾನಾಗಿ ಬಂದುಬಿಡುತ್ತಿತ್ತು. ಅದನ್ನು ಅಪರಿಚಿತರೊಂದಿಗೆ ಮಾತು ಎಂದು ದಾಖಲಿಸಿದ್ದರು.

"ಇವರು ಟಿಕೆಟಿಗೆ ಹೇಳಿ ಆಗಿದೆ ಅಕ್ಕಾ," ಎಂದಳು. ಇವರು ಎಂದರೆ ಗಂಡ. "ಅತ್ತಿಗೆ ಮನೆಯಲ್ಲಿ ಬಿಡುದಂತೆ. ಮಾರ್ಚಲ್ಲಿ ಬೋರ್ಡ್ ಪರೀಕ್ಷೆ. ಈಗ ಹೋದ್ರೆ ಅಲ್ಲಿ ಯಾವ ಶಾಲೆಯವ್ರು ಸೇರಿಸ್ತಾರೆ? ಒಂದು ವರ್ಷ ಹೋಯ್ತಲ್ಲ. ಮತ್ತೆ ಅವಳನ್ನು ಓದ್ಸುದು ಸುಳ್ಳೇ. ಮದ್ವೆ ಮಾಡ್ತಾರೆ. ನಂಗೆ ಗೊತ್ತುಂಟು, ನನ್ನದೂ ಹಾಗೇ ಆದದ್ದು." ಆಮೇಲೆ ಕಾಗದಗಳನ್ನು ನನ್ನ ಮೇಜಿನ ಮೇಲಿಟ್ಟಳು. "ನೀವೇ ಮಾಡಿದ ಕಾನೂನಲ್ವಾ? ನೀವೇ ತೆಗೀರಿ."

ಮರುದಿನ ಬೆಳಿಗ್ಗೆ ಮಿನಿಬಸ್ಸಿನಲ್ಲೇ ಮುಹರ್ರಕ್ಕಿಗೆ ಹೋದೆ. ಚಾಲಕ ಉಳ್ಳಾಲದ ಕಡೆಯ ಬ್ಯಾರಿ, ಬಾಯಿಯೂ ಸ್ಟೇರಿಂಗೂ ಒಟ್ಟಿಗೇ ತಿರುಗುವ ಮನುಷ್ಯ. ಸಮುದ್ರದ ಮೇಲಿನ ಕಾಸ್‌ವೇ ದಾಟುವಾಗ ನನ್ನ ಉದ್ದೇಶ ಹೇಳಿದೆ. ವಲಯ ತಪ್ಪು ಮಾಡಿದೆ, ಒಂದು ಶುಕ್ರವಾರ ಕಡಿತ ಮಾಡಬೇಕಾಗುತ್ತದೆ.

"ಅಂದ್ರೆ ಈ ಬಸ್ಸು ಬರುದಿಲ್ವಾ?"

"ಹೌದು."

"ಸಂಚಾಲಕರು ಬಸ್ಸಲ್ಲಿ ಬರುದಿಲ್ಲಕ್ಕ, ಅವ್ರಿಗೆ ಕಾರುಂಟು. ಬರುದು ಅಲ್ಲಿಯ ಮಕ್ಕಳು." ಹಿಂದಿನ ಖಾಲಿ ಸೀಟುಗಳ ಕಡೆ ತಲೆ ಹೊರಳಿಸಿದ. "ಶಿಕ್ಷೆ ಯಾರಿಗೆ ಅಂತ ಒಮ್ಮೆ ಸರೀ ನೋಡಿ. ನಂಗೇನು, ನಂಗೆ ರಜೆ."

ಇದು ನನ್ನ ಪ್ರಬಂಧದಲ್ಲೂ ಇರಲಿಲ್ಲ, ಆ ಪತ್ರಿಕೆಯಲ್ಲೂ ಇದ್ದ ನೆನಪಿಲ್ಲ.

ಸಂಚಾಲಕರು ಬಹಳ ಆದರದಿಂದ ಬರಮಾಡಿಕೊಂಡು ಫೈಲು ತೆರೆದು ತೋರಿಸಿದರು. ಒಂದು ಕಾಗದವೂ ಕಡಿಮೆ ಇರಲಿಲ್ಲ. ವಿಚಾರಣೆಯೂ ಷರತ್ತಿನಂತೆಯೇ ನಡೆದಿತ್ತು. ಹುಡುಗಿಯನ್ನು ಹಿರಿಯರ ಎದುರು ನಿಲ್ಲಿಸುವಂತಿಲ್ಲವಾದ್ದರಿಂದ ಸಭಾಂಗಣದ ನಡುವೆ ಮದುವೆಗೆ ಕಟ್ಟುವ ಜರಿಯ ಪರದೆ ಕಟ್ಟಿದ್ದರು. ಈಚೆ ಹುಡುಗಿ ಮತ್ತು ಇಬ್ಬರು ಶಿಕ್ಷಕಿಯರು. ಆಚೆ ಇಡೀ ವಲಯ ಸಮಿತಿ, ಉಸಿರು ಬಿಗಿಹಿಡಿದು.

"ಒಬ್ರೂ ಅವಳ ಮುಖ ನೋಡ್ಲಿಲ್ಲ ಮೇಡಂ," ಎಂದರು. "ಒಬ್ಬ ಕೆಮ್ಮಿದ, ಅವನನ್ನು ಹೊರಗೆ ಹಾಕಿದೆ."

"ಸರ್, ಸೂಚನೆ ಅಂದ್ರೆ ತಪ್ಪು ಮಾಡಿದ ಮೇಲೆ ಆ ಒಂದು ಮಗುವಿಗೆ ಕೊಡುವುದು. ಎಲ್ಲರಿಗೂ ಮೊದಲೇ ಸಹಿ ಹಾಕಿಸುವುದಲ್ಲ."

"ಹಾಗೆ ಎಲ್ಲಿ ಬರ್ದಿದ್ದೀರಿ?"

ಬರೆದಿದ್ದೇನೆಂದು ನನಗೆ ಖಾತ್ರಿಯಿತ್ತು. ಅವರ ಪ್ರತಿ ತೆಗೆದು ನೋಡಿದೆ. ಬರೆದಿರಲಿಲ್ಲ. ಮನಸ್ಸಿನಲ್ಲಿದ್ದದ್ದೆಲ್ಲ ಕಾಗದದ ಮೇಲೂ ಇದೆ ಎಂದು ನಂಬಿಕೊಂಡು ಆರು ತಿಂಗಳು ಕಳೆದಿದ್ದೆ.

"ನೋಡಿ ಮೇಡಂ," ಎಂದು ಸಂಚಾಲಕರು ಮೆಲ್ಲಗೆ ಹೇಳಿದರು. "ನಾಳೆ ಆ ಗಲ್ಲಿಯಲ್ಲಿ ಹುಡುಗಿಗೆ ಎಂತಾದ್ರೂ ಆದ್ರೆ ನಿಮ್ಮ ಮನಾಮವನ್ನು ಯಾರೂ ಕೇಳುದಿಲ್ಲ. ನನ್ನ ಕಾಲರ್ ಹಿಡೀತಾರೆ. ಬಸ್ಸು ಬೇಕಾದ್ರೆ ಕಟ್ ಮಾಡಿ. ನಾವು ನಮ್ಮ ಕಾರುಗಳಲ್ಲಿ ಮಕ್ಕಳನ್ನು ತರ್ತೇವೆ. ಮತ್ತೆ ನಿಮ್ಮ ಷರತ್ತೂ ಇಲ್ಲ, ನಿಮ್ಮ ವರದಿಯೂ ಇಲ್ಲ. ಖಲಾಸ್."

ಅವರ ಹೆದರಿಕೆ ನಿಜವಾದದ್ದಾಗಿತ್ತು. ಅದು ಅತಿಯಾಯಿತೆಂದು ಈಗಲೂ ಹೇಳಲಾರೆ.

ಮಂಗಳವಾರ ಸಂಜೆ ಕೇಂದ್ರ ಸಮಿತಿ ತುರ್ತಾಗಿ ಸೇರಿತು. ನಾನು ತಿದ್ದುಪಡಿಯ ಮೂರು ಕರಡು ತಯಾರಿಸಿದ್ದೆ. ಮುಹರ್ರಕ್ ದೂರ ಸರಿದರೆ ಉಳಿದ ವಲಯಗಳೂ ಸರಿಯುತ್ತವೆ ಎಂದು ಅಧ್ಯಕ್ಷರು ಹೆದರಿದರು. ಕೊನೆಗೆ ಮಾಡಿದ ನಿರ್ಣಯ ಹೀಗಿತ್ತು: ವಲಯಗಳು ತಮಗಿರುವ ಸ್ವಾತಂತ್ರ್ಯವನ್ನು ವಿವೇಚನೆಯಿಂದ ಬಳಸಬೇಕೆಂದು ಸಮಿತಿ ಆಶಿಸುತ್ತದೆ. ಆ 'ಆಶಿಸುತ್ತದೆ' ನನ್ನದು. ಬೇರೆಯವರು 'ಕೋರುತ್ತದೆ' ಎಂದು ಸೂಚಿಸಿದ್ದರು, ಅದು ಸ್ವಲ್ಪ ಖಾರವಾಯಿತೆಂದು ನಾನೇ ಬದಲಿಸಿದೆ. ಹುಡುಗಿಯ ಟಿಕೆಟು ಇದ್ದದ್ದು ಆ ವಾರದ ಶನಿವಾರಕ್ಕೆ.

ಬುಧವಾರ ಆಫೀಸಿನಿಂದ ಅವಳ ಮನೆಗೆ ಫೋನು ಮಾಡಿದೆ. ನಿರ್ಣಯವನ್ನು ಓದಿ ಹೇಳಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದೆ. ತಾಯಿ, "ಆಯ್ತು ಅಕ್ಕಾ. ಒಲೆಯಲ್ಲಿ ಹಾಲಿಟ್ಟಿದ್ದೇನೆ" ಎಂದು ಫೋನಿಟ್ಟಳು.

ಮುಂದಿನದಕ್ಕೆ ನಾನು ಸಾಕ್ಷಿಯಲ್ಲ. ಬಸ್ ಚಾಲಕ ಹೇಳಿದ್ದು ಒಂದು ತರ, ಅವಳೇ ಆಮೇಲೆ ಹೇಳಿದ್ದು ಇನ್ನೊಂದು ತರ. ಎರಡರಲ್ಲೂ ಇರುವುದನ್ನು ಮಾತ್ರ ಬರೆಯುತ್ತೇನೆ. ಗುರುವಾರ ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ ಮೇಜಿನ ಮೇಲೆ ತಟ್ಟೆಯಿರಲಿಲ್ಲ. ಎರಡು ಪಾಸ್‌ಪೋರ್ಟುಗಳಿದ್ದವು, ಮಗಳದು ಮತ್ತು ಹೆಂಡತಿಯದು.

"ನಂದಕ್ಕೂ ಟಿಕೆಟ್ ಮಾಡಿ," ಎಂದಳು. "ವೀಸಾ ಕ್ಯಾನ್ಸಲ್ ಮಾಡ್ಸಿ. ನೀವು ಬ್ಯಾಚುಲರ್ಸ್ ರೂಮಿಗೆ ಹೋಗಿ, ಬಾಡಿಗೆ ಉಳೀತದೆ."

"ನಿನ್ಗೆಂತ ಮರ್ಲಾ? ತಲೆ ಕೆಟ್ಟಿದ್ಯಾ? ನಿನ್ನನ್ನು ಯಾರು ಹೋಗ್ಲಿಕ್ಕೆ ಹೇಳಿದ್ದು?"

"ಅವಳು ಖುಬ್ಬೂಸ್ ತಿಂದದ್ದಕ್ಕೆ ಹೋಗುದಲ್ವಾ? ಕಾಸು ಕೊಟ್ಟದ್ದು ನಾನು. ಪ್ರತಿ ಶುಕ್ರವಾರ ನೂರು ಫಿಲ್ಸ್."

ಗಂಡ ಕಿರುಚಿದನಂತೆ, ಸಂಚಾಲಕರ ಹೆಸರು ಹೇಳಿದನಂತೆ, ಮರ್ಯಾದೆ ಎಂದನಂತೆ. ಅವಳು ಎದುರು ಮಾತಾಡಲಿಲ್ಲ. ಅಡುಗೆಯನ್ನೂ ಮಾಡಲಿಲ್ಲ. ಗುರುವಾರ ರಾತ್ರಿ ಅವನು ಹೋಟೆಲಿನಿಂದ ಪರೋಟ ತಂದ. ಶುಕ್ರವಾರ ಮತ್ತೆ ಪರೋಟ. ಶುಕ್ರವಾರ ಸಂಜೆ ಟಿಕೆಟನ್ನು ಪರೀಕ್ಷೆ ಮುಗಿಯುವವರೆಗೆ ಮುಂದೂಡುವುದಾಗಿ ಅವನೇ ಹೇಳಿದ. ಪರೀಕ್ಷೆ ಮುಗಿದ ಮೇಲೆ ಮತ್ತೆ ಯಾರೂ ಅದರ ಸುದ್ದಿ ಎತ್ತಲಿಲ್ಲ. ಹುಡುಗಿ ಪಾಸಾಗಿ ಹನ್ನೊಂದಕ್ಕೆ ಅಲ್ಲೇ ಸೇರಿದಳು.

ಸಲಹೆ ಪಾಲಿಸದ ಕಾರಣ ವಲಯ ಅವಳನ್ನು ಕನ್ನಡ ತರಗತಿಯಿಂದ ತೆಗೆದುಹಾಕಿತು. ಇದು ಅವಳಿಗೆ ಶಿಕ್ಷೆಯೋ ಬಹುಮಾನವೋ ಎಂದು ಯಾರೂ ವಿಚಾರಿಸಲಿಲ್ಲ. ಅವಳ ಸೀಟು ಮುಂದಿನ ಶುಕ್ರವಾರವೇ ಭರ್ತಿಯಾಯಿತು.

ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಹೆಸರು ಹೇಳದೆ ಈ ಪ್ರಸಂಗವನ್ನು ಉಲ್ಲೇಖಿಸಿದರು. ಕೇಂದ್ರದ ದೃಢತೆ ಮತ್ತು ವಲಯಗಳ ಹೊಂದಾಣಿಕೆಯಿಂದ ಒಂದು ಕುಟುಂಬ ಒಟ್ಟಿಗೆ ಉಳಿಯಿತು ಎಂದರು. ಜೊತೆ ಕಾರ್ಯದರ್ಶಿಯವರ ದೂರದೃಷ್ಟಿಯನ್ನು ಶ್ಲಾಘಿಸಿದರು. ಮುಹರ್ರಕ್ಕಿನ ಸಂಚಾಲಕರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಆಗ ಎದ್ದು ನಿಜ ಹೇಳಿದೆ ಎಂದು ಬರೆಯುವ ಆಸೆಯಿದೆ. ಬಹುಶಃ ಇನ್ನು ಹತ್ತು ವರ್ಷ ಬಿಟ್ಟು ಬರೆದರೆ ಹಾಗೆಯೇ ನೆನಪಿರುತ್ತದೆ. ಎದ್ದದ್ದು ನಿಜ, ಕೈಮುಗಿದು ಕೂತೆ.

ಆ ಬೇಸಿಗೆಯ ಕೊನೆಗೆ ತಾಯಿ ಮತ್ತೊಮ್ಮೆ ನಮ್ಮ ಮನೆಗೆ ಬಂದಳು. ಮಗಳಿಗೆ ಹನ್ನೊಂದನೆಯ ತರಗತಿಯ ಪುಸ್ತಕ ಕೊಳ್ಳಲು ಮನಾಮಕ್ಕೆ ಬಂದವಳು ಹಾಗೆಯೇ ನಮ್ಮ ಮೆಟ್ಟಿಲು ಹತ್ತಿ ಬಂದಿದ್ದಳು. ಈ ಸಲ ಕೂತಳು, ಚಹಾ ಕುಡಿದಳು. ಮಗಳ ಅಂಕ ಹೇಳಿದಳು, ಅರಬ್ಬಿಯಲ್ಲಿ ಅವಳೇ ಶಾಲೆಗೆ ಮೊದಲು. ಆಮೇಲೆ ಕೈಚೀಲದಿಂದ ಮಡಿಸಿದ ಕಾಗದ ತೆಗೆದು ತೋರಿಸಿದಳು. ಮುಹರ್ರಕ್ ವಲಯದ ಹೊಸ ನಮೂನೆ. ಈ ವರ್ಷದಿಂದ ತಾಯಂದಿರೂ ಸಹಿ ಹಾಕಬೇಕಂತೆ. ಏಳು ಸೂಚನೆಗಳಿದ್ದವು. ಮಕ್ಕಳ ಕೈಗೆ ಚಿಲ್ಲರೆ ಕೊಡಬಾರದು ಎಂಬುದು ಮೊದಲನೆಯದು. ಮಗಳು ತರಗತಿಯಲ್ಲಿ ಇಲ್ಲದಿದ್ದರೂ ಇವಳ ಹೆಸರಿಗೆ ಒಂದು ಪ್ರತಿ ಬಂದಿತ್ತು.

ನನಗೆ ಮೈಯೆಲ್ಲ ಉರಿಯಿತು. "ಇದಕ್ಕೆ ಒಂದು ಸರಿಯಾದ ಉತ್ತರ ಕೊಡಬೇಕು. ಇರಿ, ನಾನು ಬರೆದುಕೊಡ್ತೇನೆ," ಎಂದು ಪೆನ್ನು ಹುಡುಕಲು ಎದ್ದೆ.

"ಬೇಡ ಅಕ್ಕಾ," ಎಂದಳು ಅವಳು, ಬಹಳ ಪ್ರೀತಿಯಿಂದಲೇ. "ನೀವು ಬರಿಯುದು ಬೇಡ."